ಬಿದ್ದ ಏಟಿಗೆ ಸದ್ದಿಲ್ಲ

"ನನ್ನ ಸಾವಿಗೆ ಆ ಸದ್ದು ಹಾಕಿದ್ದು ಯಾರು?"

ಬಾಗಿಲು ತಳ್ಳಿಕೊಂಡು ಬಂದವನ ಮೊದಲ ಮಾತೇ ಇದು!

ಅವಳು ಬೆತ್ತ ಎತ್ತಿಕೊಂಡು ನಿಂತಿದ್ದಳು. ಎದುರಿಗೆ ಹಳೆಯ ಸೋಫಾದ ಚರ್ಮದ ದಿಂಬು. ಪರದೆಯ ಮೇಲೆ ಹೀರೋ ಒಬ್ಬ ರೌಡಿಯ ದವಡೆಗೆ ಗುದ್ದುತ್ತಿದ್ದ. ಆ ಗುದ್ದಿಗೆ ಸರಿಯಾಗಿ ಇವಳ ಬೆತ್ತ ದಿಂಬಿನ ಮೇಲೆ ಬೀಳಬೇಕು. ಆಗಲೇ ನೋಡುವವರಿಗೆ ಅದು ಗುದ್ದು ಅನ್ನಿಸುವುದು. ಇಲ್ಲದಿದ್ದರೆ ಇಬ್ಬರು ಗಂಡಸರು ಗಾಳಿಯಲ್ಲಿ ಕೈ ಬೀಸಿದ ಹಾಗೆ ಕಾಣುತ್ತದೆ, ಅಷ್ಟೆ.

ಬೆಳಗಿನಿಂದ ಒದ್ದಾಡಿ ಒದ್ದಾಡಿ ಈಗ ತಾನೇ ಕೈ ಹದಕ್ಕೆ ಬಂದಿತ್ತು. ಬಾಗಿಲು ಕಿರ್ರೆಂದಿತು. ಟೇಕ್ ಹಾಳು!

"ಬಾಗಿಲ ಮೇಲೆ ಕೆಂಪು ದೀಪ ಉರೀತಾ ಇದೆ, ಕಾಣಿಸಲ್ವೇನ್ರೀ?"

"ದೀಪ ಕೆಟ್ಟಿದೆ ಮೇಡಂ."

ಅದೂ ನಿಜವೇ. ಆ ಕಟ್ಟಡದಲ್ಲಿ ಕೆಡದೆ ಉಳಿದದ್ದು ಯಾವುದಿತ್ತು? ನಲ್ಲಿ ಸೋರುತ್ತಿತ್ತು. ಫ್ಯಾನ್ ಹಾಕಿದರೆ ಮೈಕಿಗೆ ಕೇಳುತ್ತಿತ್ತು, ಆರಿಸಿದರೆ ಬೆವರು ಸುರಿಯುತ್ತಿತ್ತು. ಇಂಥ ಕೋಣೆಯಲ್ಲಿ ನಿಂತು ಅವಳು ಹೊಡೆದಾಟದ ಸಿನಿಮಾಗಳಿಗೆ ಏಟು, ಒದೆ, ಮೂಳೆ ಮುರಿಯುವುದು, ಬೀಳುವುದು, ಎಲ್ಲದರ ಸದ್ದನ್ನೂ ಮಾಡುತ್ತಿದ್ದಳು. ಎಲ್ಲರೂ ಅವಳನ್ನು ಸದ್ದಮ್ಮ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಅವಳಿಗೇ ಮರೆತುಹೋಗುವಷ್ಟು!

ಅವಳು ಬಂದವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು. ಅಗಲವಾದ ಭುಜ.

ಅರೆ... ಇವನು!

ಈ ಮನುಷ್ಯ ಸಾಯುವುದನ್ನು ಅವಳು ನೋಡಿದಷ್ಟು ಬೇರೆ ಯಾರೂ ನೋಡಿರಲಿಲ್ಲ. ಒಂದು ಸಿನಿಮಾದಲ್ಲಿ ಮೀಸೆ, ಇನ್ನೊಂದರಲ್ಲಿ ಗಡ್ಡ, ಮತ್ತೊಂದರಲ್ಲಿ ಬೋಳುತಲೆ. ಎಲ್ಲದರಲ್ಲೂ ಇಂಟರ್‌ವಲ್‌ಗೆ ಮುಂಚೆ ಹೀರೋ ಕೈಯಲ್ಲಿ ಸಾವು. ಸಿನಿಮಾದವರು ಇವನಿಗಿಟ್ಟ ಹೆಸರು ಬೀಳಪ್ಪ.

"ನಾನೇ ಹಾಕಿದ್ದು. ಏನೀಗ?"

"ಎರಡನೇ ಮಹಡಿಯಿಂದ ತಗಡಿನ ಮೇಲೆ ಬಿದ್ದೆ ಮೇಡಂ. ಕುಂಬಳಕಾಯಿ ಬಿದ್ದ ಹಾಗೆ 'ದೊಪ್' ಅನ್ನಿಸಿದೀರ. ಥಿಯೇಟರಲ್ಲಿ ಜನ ನಕ್ಕುಬಿಟ್ರು!"

"ಕುಂಬಳಕಾಯಿನೇ ಅದು! ನನಗೆ ಇಲ್ಲಿ ಇನ್ನೇನು ಕೊಟ್ಟಿದಾರೆ? ಅಲ್ಲದೆ ಇಂಥ ದರಿದ್ರ ಸಿನಿಮಾ ನೋಡಿ ನಗದೆ ಇನ್ನೇನು ಮಾಡ್ತಾರೆ?"

ಅವನ ಅಂಗಿಯ ಎಡತೋಳಿನ ಗುಂಡಿ ಬಿಚ್ಚಿತ್ತು. ಅದನ್ನು ನಿಧಾನವಾಗಿ ಹಾಕಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ಕಣ್ಣು ಮುಚ್ಕೊಳ್ಳಿ."

"ಏನು?!"

"ನೋಡಬೇಡಿ. ಬರೀ ಕೇಳಿ."

ಸಿಟ್ಟು ನೆತ್ತಿಗೇರಿತ್ತು. ಆದರೂ ಏನೋ... ಅವಳು ಕಣ್ಣು ಮುಚ್ಚಿದಳು.

ಅವನು ಅಲ್ಲೇ, ಆ ಸಿಮೆಂಟ್ ನೆಲದ ಮೇಲೆ, ಬಿದ್ದ!

ಮೊದಲು ಅಂಗೈ. ಆಮೇಲೆ ಭುಜ. ಆಮೇಲೆ ಬೆನ್ನು. ಎಲ್ಲ ಮುಗಿಯಿತು ಎಂದುಕೊಳ್ಳುವಾಗ, ಕೊನೆಗೆ, ಒಂದೇ ಒಂದು ಹಿಮ್ಮಡಿ... ಟಕ್.

ಅವಳು ಥಟ್ಟನೆ ಕಣ್ಣು ತೆರೆದಳು. ಇಷ್ಟು ವರ್ಷ ಸದ್ದಿನಲ್ಲೇ ಬದುಕಿದವಳು. ಮನುಷ್ಯ ಬೀಳುವ ಸದ್ದು ಒಂದಲ್ಲ ಎಂದು ಯಾರೂ ಹೇಳಿರಲಿಲ್ಲ. ಆ ಕೊನೆಯ ಹಿಮ್ಮಡಿಯಲ್ಲೇ ಜೀವ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ!

ಗಾಜಿನ ಆಚೆ ಮೆಷಿನ್ ಮುಂದೆ ಕೂತಿದ್ದ ಗಾಜಣ್ಣ ಸ್ಪೀಕರಿನಲ್ಲಿ ಕೇಳಿದರು: "ಸದ್ದಮ್ಮ, ಅದನ್ನ ರೆಕಾರ್ಡ್ ಮಾಡ್ಕೊಳ್ಳಬೇಕಿತ್ತಾ? ಇನ್ನೊಂದು ಸಲ ಬೀಳೋಕೆ ಹೇಳು."

"ನೀವು ಸುಮ್ಮನಿರಿ ಗಾಜಣ್ಣ!"

ಮುಂದಿನ ಸಿನಿಮಾಕ್ಕೆ ಅವಳು ಕುಂಬಳಕಾಯಿ ಮುಟ್ಟಲಿಲ್ಲ. ಅಂಗೈಗೆ ಕೈಗವಸು, ಭುಜಕ್ಕೆ ಮರಳಿನ ಚೀಲ, ಬೆನ್ನಿಗೆ ಒದ್ದೆ ಕಂಬಳಿ, ಹಿಮ್ಮಡಿಗೆ ಹಳೆಯ ಬೂಟು. ಸಿನಿಮಾ ಬಿಡುಗಡೆಯಾದ ಮಾರನೆಯ ದಿನವೇ ಅವನು ಓಡಿಬಂದ. ಈ ಸಲ ಬಾಗಿಲು ತಟ್ಟಿದ!

"ಮೇಡಂ... ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು 'ಅಯ್ಯೋ ಪಾಪ' ಅಂದ್ರು!"

ಜೀವನದಲ್ಲಿ ಎಲ್ಲ ಸಿಕ್ಕಿಬಿಟ್ಟವನ ಹಾಗೆ ಅವನ ಮುಖ ಅರಳಿತ್ತು. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಳು. ನಗು ಬಂದುಬಿಟ್ಟಿತ್ತು... ಅವನಿಗೆ ಯಾಕೆ ತೋರಿಸಬೇಕು?

* * *

ಅವಳನ್ನು ಸಾಕಿ ಬೆಳೆಸಿದ್ದು ದೊಡ್ಡಮ್ಮ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ದೊಡ್ಡಮ್ಮ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡಿ ಮಾಡಿ ಬೆನ್ನು ಬಾಗಿಸಿಕೊಂಡವಳು. ಈಗ ಅವಳಿಗೆ ಇದ್ದದ್ದು ಒಂದೇ ಚಟ: ಟಿವಿಯಲ್ಲಿ ಬರುವ ಅಗ್ಗದ ಹೊಡೆದಾಟದ ಸಿನಿಮಾಗಳು!

ಒಂದು ಮಧ್ಯಾಹ್ನ ಬೀಳಪ್ಪ ಮನೆಗೆ ಬಂದ. ಕ್ಯಾರೆಟ್ ಚೀಲ ಹೊತ್ತು ತರುವ ನೆಪ. ಮೂಳೆ ಮುರಿಯುವ ಸದ್ದಿಗೆ ಸದ್ದಮ್ಮ ಮುರಿಯುತ್ತಿದ್ದದ್ದು ಕ್ಯಾರೆಟ್. ಮುರಿದು ಉಳಿದದ್ದೆಲ್ಲ ಮನೆಗೆ.

ಅವನನ್ನು ನೋಡಿದ್ದೇ ತಡ, ದೊಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಯ್ಯೋ! ನನ್ನ ಸಾಯೋನು! ಹೋದ ವಾರ ತಾನೇ ಸತ್ತೆಯಲ್ಲೋ ಮಗಾ, ಬಾವಿಗೆ ಬಿದ್ದು!"

"ಈಜಿ ಬಂದೆ ಅಮ್ಮಾ."

"ಬಾ, ಕೂತ್ಕೋ. ಊಟಕ್ಕೆ ಬರೀ ಕ್ಯಾರೆಟ್ ಇದೆ. ನಿಮ್ಮ ಸಿನಿಮಾದಲ್ಲಿ ಮೂಳೆ ಜಾಸ್ತಿ ಮುರಿದ ವಾರ ನಮ್ಮ ಮನೇಲಿ ಇದೇ ಗತಿ!"

ಇಬ್ಬರೂ ಹತ್ತಿರದ ನೆಂಟರ ಹಾಗೆ ಮಾತಿಗೆ ಕೂತರು. ಸದ್ದಮ್ಮನಿಗೆ ರೇಗಿಹೋಯಿತು.

"ದೊಡ್ಡಮ್ಮಾ, ಅದರಲ್ಲಿ ಏನಿದೆ ಅಂತ ನೋಡ್ತೀಯ? ಕಥೆ ಇಲ್ಲ, ಮಾತಿಲ್ಲ. ಎಲ್ಲ ಸಿನಿಮಾದಲ್ಲೂ ಅದೇ ಗೋಡೆ ಒಡೆಯುತ್ತೆ. ರಕ್ತ ಅಂದ್ರೆ ಕೆಂಪು ಬಣ್ಣ. ಹಾರೋವಾಗ ಹಗ್ಗ ಕಾಣುತ್ತೆ!"

"ಕಾಣಲಿ ಬಿಡೆ. ಹಗ್ಗ ಕಾಣೋದಕ್ಕೇ ನನಗೆ ನೋಡೋ ಧೈರ್ಯ." ದೊಡ್ಡಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಕಾರ್ಖಾನೆ ಮೇಸ್ತ್ರಿ ದಿನಾ ಬೈತಿದ್ದ. ಒಂದು ದಿನ ಬಿಸಿ ಇಸ್ತ್ರಿ ಪೆಟ್ಟಿಗೆ ಪಕ್ಕದವಳ ಕೈಗೆ ತಾಗಿಸಿದ. ನಾವೆಲ್ಲ ತಲೆ ತಗ್ಗಿಸಿ ನಿಂತೆವು. ಅವನಿಗೆ ಏನೂ ಆಗಲಿಲ್ಲ... ಚೆನ್ನಾಗೇ ಬದುಕಿ ಹೋದ. ಇದರಲ್ಲಿ ನೋಡು, ಕೆಟ್ಟದ್ದು ಮಾಡಿದವನ ಹಲ್ಲು ಅವತ್ತೇ ಉದುರುತ್ತೆ! ಜೀವನದಲ್ಲಿ ಯಾವತ್ತು ಉದುರಿದೆ ಹೇಳು?"

ಸದ್ದಮ್ಮ ಕ್ಯಾರೆಟ್ ಚೀಲ ಎಳೆದುಕೊಂಡು ತೊಳೆಯಲು ಕೂತಳು.

"ಇನ್ನೊಂದು ಮಾತು. ದುಡ್ಡಿರೋರ ಸಿನಿಮಾದಲ್ಲಿ ಕಂಪ್ಯೂಟರಲ್ಲಿ ಮಾಡಿದ ಗೊಂಬೆ ಬೀಳುತ್ತೆ. ಇದರಲ್ಲಿ ಮನುಷ್ಯ ಬೀಳ್ತಾನೆ. ಹೊಡೆಯೋನು ಯಾರು ಬೇಕಾದ್ರೂ ಆಗ್ತಾನೆ ಕಣೆ. ಹೊಡೆಸಿಕೊಳ್ಳೋನ ಮುಖ ನೋಡು. ಇವನು ಕೂಗಿದ್ರೆ ನನ್ನ ಎದೆಯೊಳಗಿನದೇ ಹೊರಗೆ ಬಂದ ಹಾಗಾಗುತ್ತೆ."

ಬೀಳಪ್ಪ ನಾಚಿಕೊಂಡ. "ಅದು ಕಸುಬು ಅಮ್ಮಾ. ಬೀಳದ ಏಟಿಗೆ ಕೂಗಬೇಕು. ನಿಜವಾಗಿ ಬಿತ್ತು ಅಂದ್ರೆ ಕೂಗಬಾರದು."

"ಯಾಕೋ?"

"ಕೂಗಿದ್ರೆ ಹೊಡೆದವನು ಗಾಬರಿಯಾಗಿ ನಿಂತುಬಿಡ್ತಾನೆ. ಶಾಟ್ ಹಾಳು. ಪಾಪ, ಅವನಿಗೂ ಬೇಜಾರು. ನಮ್ಮ ಫೈಟ್ ಮಾಸ್ಟರ್ ಮೊದಲ ದಿನ ಹೇಳಿಕೊಟ್ಟಿದ್ದೇ ಇದು... ಬಿದ್ದದ್ದನ್ನ ನುಂಗಿಕೋ, ಬೀಳದ್ದಕ್ಕೆ ಬಾಯಿ ಬಿಡು."

ಅವನು ನಗುತ್ತಾ ಹೇಳಿದ. ದೊಡ್ಡಮ್ಮನೂ ನಕ್ಕಳು. ಸದ್ದಮ್ಮ ಕ್ಯಾರೆಟ್ ತೊಳೆಯುತ್ತಿದ್ದಳು... ಕೇಳಿದಳು, ಮರೆತಳು.

* * *

ಆಮೇಲೆ ಅವನು ಬರುವುದು, ಬೀಳುವುದು, ಹೋಗುವುದು ರೂಢಿಯಾಯಿತು. 'ಮೇಡಂ' ಹೋಗಿ 'ರೀ' ಬಂತು. ಅವನ ಹೆಜ್ಜೆ ಮೆಟ್ಟಿಲಿನ ಮೇಲೆ ಕೇಳಿದರೆ ಸಾಕು, ಅವಳ ಕೈಯಲ್ಲಿನ ಬೆತ್ತ ತಪ್ಪುತ್ತಿತ್ತು.

ಆದರೆ ಆ ಮನುಷ್ಯ ಬಾಯಿ ಬಿಟ್ಟು ಒಂದು ಮಾತು ಆಡಬೇಕಲ್ಲ!

ಮಳೆ ಬಂದರೆ ಕೊಡೆ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಯಾಕೆ ಅಂದರೆ ಹೇಳುತ್ತಿರಲಿಲ್ಲ. ಅವಳಿಗೆ ಜ್ವರ ಬಂದಾಗ ದಿನವೂ ದೊಡ್ಡಮ್ಮನ ಜೊತೆ ಸಿನಿಮಾ ನೋಡಲು ಬಂದ. ಅವಳ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ!

'ಇವನಿಗೆ ನಾನು ಯಾರು? ದೊಡ್ಡಮ್ಮನ ಮನೆಯಲ್ಲಿರೋ ಒಬ್ಬಳು, ಅಷ್ಟೇನಾ?' ಕೇಳೋಣವೆಂದರೆ ಮಾನ ಅಡ್ಡ ಬರುತ್ತಿತ್ತು. ಬಿಡೋಣವೆಂದರೆ ಮನಸ್ಸು ಕೇಳುತ್ತಿರಲಿಲ್ಲ. ಅವಳು ಒಳಗೊಳಗೇ ಕುದಿದಳು.

ಆಗಲೇ ಕೆಳಗಿನ ಟೈಲರ್ ಹೆಂಡತಿ ಒಂದು ಸಂಬಂಧ ತಂದಳು. ಇದು ಒಳ್ಳೆಯದೇ ಆಯಿತು ಎಂದುಕೊಂಡಳು ಸದ್ದಮ್ಮ. ಈಗಲಾದರೂ ಬಾಯಿ ಬಿಡುತ್ತಾನೆ!

ಮಧ್ಯಾಹ್ನ ಇಬ್ಬರೂ ಸ್ಟುಡಿಯೋ ಮೆಟ್ಟಿಲ ಮೇಲೆ ಕೂತು ಮುರಿದ ಕ್ಯಾರೆಟ್ ತಿನ್ನುತ್ತಿದ್ದರು.

"ನನಗೊಂದು ಸಂಬಂಧ ಬಂದಿದೆ."

ಅವನು ಅಗಿಯುವುದನ್ನು ನಿಲ್ಲಿಸಿದ. "ಹೌದಾ."

"ಔಷಧಿ ಅಂಗಡಿಯವರು. ಸ್ವಂತ ಅಂಗಡಿ."

"ಒಳ್ಳೇದು."

"ಭಾನುವಾರ ನೋಡೋಕೆ ಬರ್ತಾರೆ."

ಅವನು ಎಡತೋಳಿನ ಗುಂಡಿ ಹಾಕಿಕೊಂಡ.

"ಒಳ್ಳೇ ಜನ ಇರಬೇಕು," ಎಂದ.

ಅಷ್ಟೇನಾ?... ಅಷ್ಟೇನಾ!

"ಅರ್ಧ ಮೊಳ ದೂರ ಹೋದ ಗುದ್ದಿಗೆ ಊರಿಗೆಲ್ಲ ಕೇಳೋ ಹಾಗೆ ಕಿರುಚ್ತೀರಲ್ಲ! ಇದಕ್ಕೆ ನಿಮಗೆ ಏನೂ ಅನ್ನಿಸಲ್ವಾ?"

ಅವನು ಕೈಯಲ್ಲಿದ್ದ ಕ್ಯಾರೆಟ್ ಚೂರನ್ನು ಮೆಟ್ಟಿಲ ಮೇಲಿಟ್ಟ.

"ಕೇಳ್ತಿರೋದು ನಿಮ್ಮನ್ನೇ!"

ಅವನು ನೆಲ ನೋಡುತ್ತಿದ್ದ.

ಅವಳ ನಾಲಿಗೆ ಜಾರಿಯೇಹೋಯಿತು: "ಬೀಳೋದು ಬಿಟ್ರೆ ನಿಮಗೆ ಇನ್ನೇನ್ರೀ ಬರುತ್ತೆ!"

ಗುಂಡಿ ಹಾಕಿಯೇ ಇತ್ತು. ಆದರೂ ಅವನ ಬೆರಳು ಮತ್ತೆ ಅಲ್ಲಿಗೇ ಹೋಯಿತು. ಎದ್ದು ನಿಂತ.

"ಬರ್ತೀನಿ ಮೇಡಂ."

ಮೇಡಂ!

ಅವನು ಮೆಟ್ಟಿಲು ಇಳಿದು ಹೋದ. ಅವಳು ಸದ್ದು ಕೇಳುತ್ತಾ ಕೂತಳು. ಒಂದು ಹೆಜ್ಜೆಯೂ ತಡೆಯಲಿಲ್ಲ. ಅವನಿಗೆ ನೋವಾಗಿದ್ದರೆ ಎಲ್ಲಾದರೂ ಒಂದು ಕಡೆ ಹೆಜ್ಜೆ ತಪ್ಪಬೇಕಿತ್ತಲ್ಲ? 'ಕಲ್ಲು! ಬರೀ ಕಲ್ಲು!'

* * *

ಔಷಧಿ ಅಂಗಡಿಯವರು ಬಂದರು. ಕೆಟ್ಟವರೇನಲ್ಲ. ದೊಡ್ಡಮ್ಮ ಮಾತ್ರ ಟಿವಿ ಆರಿಸಲೇ ಇಲ್ಲ. ಪರದೆಯ ಮೇಲೆ ಬೀಳಪ್ಪ ಕಿಟಕಿ ಒಡೆದುಕೊಂಡು ಹೊರಗೆ ಹಾರಿದ.

"ಇಂಥದ್ದನ್ನೆಲ್ಲ ಯಾರು ನೋಡ್ತಾರೋ!" ಎಂದು ಅವರು ನಕ್ಕರು.

"ನಾನು ನೋಡ್ತೀನಪ್ಪ," ಎಂದಳು ದೊಡ್ಡಮ್ಮ.

ಆ ಕಿಟಕಿಯ ಗಾಜಿನ ಸದ್ದು ಸದ್ದಮ್ಮನದು. ಹಳೆಯ ಬಲ್ಬುಗಳನ್ನು ಒಡೆದು ಒಡೆದು ಕೈ ಕೊಯ್ದುಕೊಂಡಿದ್ದಳು. ಅವಳ ಮುಖವೂ ಯಾಕೋ ಬಿಗಿಯಿತು. ಸಂಬಂಧ ಅಲ್ಲಿಗೇ ನಿಂತಿತು.

ಅದನ್ನು ಹೇಳಲು ಮಾತ್ರ ಬೀಳಪ್ಪನೇ ಇರಲಿಲ್ಲ. ಸಿನಿಮಾ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮನೆಯಲ್ಲಿ ದೊಡ್ಡಮ್ಮನ ಕಾಟ: "ನನ್ನ ಸಾಯೋನಿಗೆ ಏನೆಂದೆಯೆ? ಏನೋ ಅಂದಿದೀಯ ನೀನು!"

"ನಾನೇನೂ ಅಂದಿಲ್ಲ! ಅವನೇ ಏನೂ ಅಂದಿಲ್ಲ! ಅದೇ ಆಗಿರೋದು!"

ಅವಳು ಸಿಟ್ಟನ್ನೆಲ್ಲ ದಿಂಬಿನ ಮೇಲೆ ತೀರಿಸಿಕೊಂಡಳು. ಬೆತ್ತ ಮುರಿಯಿತು. ದಿಂಬು ಹರಿದು ಹತ್ತಿ ಹೊರಬಂತು. ಡೈರೆಕ್ಟರ್ ಬಂದು ಕೇಳಿ ಕುಣಿದುಬಿಟ್ಟರು.

"ಆಹಾ ಸದ್ದಮ್ಮ! ಈ ಸಲ ಏಟಿಗೆ ಜೀವ ಬಂದಿದೆ!"

"ಇನ್ನೂ ಬೇಕಾ ಸಾರ್? ಸ್ವಲ್ಪ ಹತ್ರ ಬನ್ನಿ."

ಡೈರೆಕ್ಟರ್ ಹತ್ತಿರ ಬರಲಿಲ್ಲ.

ಅವರು ತಂದದ್ದು ಹೊಸ ಸಿನಿಮಾದ ಹೊಡೆದಾಟ. ಯಾವಾಗಲೂ ಚಿತ್ರ ಮೂಕವಾಗಿ ಬರುತ್ತಿತ್ತು. ಈ ಸಲ ಯಾರೋ ಕ್ಯಾಮೆರಾದ ಮೈಕ್ ಆರಿಸಲು ಮರೆತಿದ್ದರು. ಶೂಟಿಂಗ್ ಜಾಗದ ಗಲಾಟೆಯೆಲ್ಲ ಹಾಗೇ ಬಂದಿತ್ತು.

"ಅಳಿಸಿಬಿಡಲಾ?" ಗಾಜಣ್ಣ ಕೇಳಿದರು.

"ಇರಲಿ. ಒಂದ್ಸಲ ಹಾಕಿ."

ಪರದೆಯ ಮೇಲೆ ಅವನು. ಸ್ವಲ್ಪ ಇಳಿದುಹೋಗಿದ್ದ. ಹೀರೋ ಗುದ್ದಿದ. ಕೈ ಅರ್ಧ ಮೊಳ ದೂರ ಹೋಯಿತು, ಬರೀ ತೋಳಿನ ಬಟ್ಟೆ ಬೀಸಿದ ಸದ್ದು. ಅವನು "ಆಆಹ್!" ಎಂದು ಹಿಂದಕ್ಕೆ ಹಾರಿದ. ಇನ್ನೊಂದು ಗುದ್ದು. ಗಾಳಿ. "ಆಆಹ್!"

ಆಮೇಲೆ ಹೀರೋ ತಿರುಗಿ ಒದ್ದ.

ಥಪ್.

ಅವಳು ನಿಂತಲ್ಲೇ ನಿಂತಳು. ಇಷ್ಟು ಏಟುಗಳನ್ನು ಕೈಯಾರೆ ಮಾಡಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಇದು ಯಾರೂ ಮಾಡಿದ ಸದ್ದಲ್ಲ. ಸಣ್ಣದು, ಮಂಕಾದದ್ದು, ಥಿಯೇಟರಿನಲ್ಲಿ ಯಾರೂ ತಿರುಗಿ ನೋಡದಂಥದ್ದು. ಹೀರೋನ ಹಿಮ್ಮಡಿ ನಿಜವಾಗಿ ಅವನ ಪಕ್ಕೆಗೆ ಬಿದ್ದಿತ್ತು!

ಅವನು ಕೂಗಲಿಲ್ಲ.

ತುಟಿ ಬಿಗಿಹಿಡಿದು ಮುಂದಿನ ಗುದ್ದಿಗೆ ಮುಖ ಕೊಟ್ಟ. ಅದು ಗಾಳಿಯಲ್ಲಿ ಹೋಯಿತು. ಅದಕ್ಕೆ "ಆಆಹ್!" ಎಂದು ಬಿದ್ದ. "ಕಟ್! ಸೂಪರ್!" ಎಂದು ಮಾಸ್ಟರ್ ಕೂಗಿದ್ದು ಕೇಳಿತು. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅವನು ಎದ್ದು, ಗೋಡೆಯ ಕಡೆ ತಿರುಗಿ ನಿಂತು, ಎಡತೋಳಿನ ಗುಂಡಿ ಹಾಕಿಕೊಂಡ.

"ಗಾಜಣ್ಣ... ಹಿಂದಕ್ಕೆ ಹಾಕಿ."

ಮತ್ತೆ ಥಪ್. ಮತ್ತೆ ಆ ಬಿಗಿದ ತುಟಿ. ಮತ್ತೆ ಗುಂಡಿ.

ಅವಳ ಕಣ್ಣು ಮಂಜಾಯಿತು. ಮೊದಲ ದಿನ 'ದರಿದ್ರ ಸಿನಿಮಾ' ಎಂದಾಗ... ಆ ಗುಂಡಿ. 'ನೋಡೋಕೆ ಬರ್ತಾರೆ' ಎಂದಾಗ... ಆ ಗುಂಡಿ. 'ಬೀಳೋದು ಬಿಟ್ರೆ' ಎಂದಾಗ... ಹಾಕಿದ್ದ ಗುಂಡಿಯನ್ನೇ ಮತ್ತೆ ಹುಡುಕಿದ ಆ ಬೆರಳು!

ಬಿದ್ದದ್ದನ್ನು ನುಂಗಿಕೋ, ಬೀಳದ್ದಕ್ಕೆ ಬಾಯಿ ಬಿಡು. ತನ್ನ ಮನೆಯಲ್ಲೇ ಕೂತು ಹೇಳಿದ್ದನಲ್ಲ! ತಾನು ಕ್ಯಾರೆಟ್ ತೊಳೆಯುತ್ತಾ ಕೇಳಿದ್ದಳಲ್ಲ!

'ಅಯ್ಯೋ ದೇವರೇ... ಸದ್ದಿಲ್ಲ ಅಂದ್ರೆ ನೋವಿಲ್ಲ ಅಂದುಕೊಂಡೆನಲ್ಲ ನಾನು!'

"ಶೂಟಿಂಗ್ ಎಲ್ಲಿ ಗಾಜಣ್ಣ?"

"ಮುಚ್ಚಿರೋ ನೂಲಿನ ಗಿರಣೀಲಿ. ಇವತ್ತೂ ಇದೆ. ಯಾಕೆ?... ಏಯ್, ಬೆತ್ತ ಇಟ್ಟು ಹೋಗಮ್ಮ!"

* * *

ಗಿರಣಿಯ ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಎಲ್ಲ ಸಿನಿಮಾದಲ್ಲೂ ಒಡೆಯುವ ಆ ಗೋಡೆಯನ್ನು ಯಾರೋ ಮತ್ತೆ ಜೋಡಿಸುತ್ತಿದ್ದರು. ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮೈತುಂಬ ಕೆಂಪು ಬಣ್ಣ ಬಳಿದುಕೊಂಡು, ಪಕ್ಕೆ ಹಿಡಿದುಕೊಂಡು ಅವನು ಕೂತಿದ್ದ.

ಅವಳನ್ನು ಕಂಡು ಎದ್ದು ನಿಂತ.

"ಮೇಡಂ... ನೀವು ಇಲ್ಲಿ?"

ಅವಳು ಮುಷ್ಟಿ ಬಿಗಿದು, ಅವನ ದವಡೆಯಿಂದ ಅರ್ಧ ಮೊಳ ದೂರಕ್ಕೆ ಬೀಸಿ ಹೊಡೆದಳು!

ಅಭ್ಯಾಸ ಬಿಡುತ್ತದೆಯೇ? "ಆಆಹ್!" ಎಂದು ಅವನು ಹಿಂದಿದ್ದ ಕುರ್ಚಿಯನ್ನೂ ಕೆಡವಿಕೊಂಡು ಬಿದ್ದ. ಅಂಗೈ, ಭುಜ, ಬೆನ್ನು... ಹಿಮ್ಮಡಿ.

"ಇದಕ್ಕೆ ಕೂಗ್ತೀರ," ಎಂದಳು ಅವಳು. "ಮುಟ್ಟದ ಏಟಿಗೆ ಇಷ್ಟು ಕೂಗ್ತೀರ. ಅವತ್ತು ಮೆಟ್ಟಿಲ ಮೇಲೆ ನಾನು ಹೊಡೆದೆನಲ್ಲ... ಅದು ಬಿತ್ತಾ, ಇಲ್ವಾ?"

ಅವನು ನಿಧಾನವಾಗಿ ಎದ್ದು ಕೂತ. ಬೆರಳು ಎಡತೋಳಿನ ಕಡೆ ಹೋಯಿತು.

ಅವಳು ಬಗ್ಗಿ ಆ ಕೈ ಹಿಡಿದುಬಿಟ್ಟಳು.

"ಗುಂಡಿ ಮುಟ್ಟಬೇಡಿ. ಬಾಯಲ್ಲಿ ಹೇಳಿ."

"ಏನು ಹೇಳಲಿ? ಔಷಧಿ ಅಂಗಡಿಯವರು ಎಲ್ಲಿ, ಇಂಟರ್‌ವಲ್‌ಗೆ ಮುಂಚೆ ಸಾಯೋನು ಎಲ್ಲಿ? ನಿಮಗೆ ಈ ಸಿನಿಮಾ ಅಂದ್ರೇನೇ ಆಗಲ್ಲ. ಇನ್ನು ನಾನು..."

"ಅವರನ್ನ ಕಳಿಸಿ ಎಷ್ಟು ದಿನ ಆಯ್ತು! ಫೋನ್ ಎತ್ತಿದ್ರೆ ತಾನೇ ಗೊತ್ತಾಗೋದು! ಸಿನಿಮಾ ದರಿದ್ರ ಅಂದೆ, ಹೌದು, ಅಂದೆ! ಆದ್ರೆ ನೀವು ಬಿದ್ದಾಗೆಲ್ಲ ಆ ಹಿಮ್ಮಡಿ ಸದ್ದನ್ನ ನಾನು ಯಾರ ಕೈಗೂ ಕೊಟ್ಟಿಲ್ಲ. ಜ್ವರ ಬಂದಾಗಲೂ ಎದ್ದು ಹೋಗಿ ನಾನೇ ಮಾಡಿದೀನಿ. ಅದು ಯಾಕೆ ಅಂತ ನಿಮಗೂ ಕೇಳಿಸಲಿಲ್ವಾ?"

ಅವನು ತಲೆಯೆತ್ತಿ ನೋಡಿದ. ಕೆಂಪು ಬಣ್ಣದ ನಡುವೆ ಕಣ್ಣು ಮಾತ್ರ ಒದ್ದೆ.

"ಹೇಳಿ. ಬಿತ್ತಾ?"

"...ಬಿತ್ತು."

"ನೋವಾಯ್ತಾ?"

"ಆಯ್ತು."

"ಕೇಳಿಸ್ಲಿಲ್ಲ."

"ನೋವಾಯ್ತು!" ಗಿರಣಿಯ ಗೋಡೆಗಳೆಲ್ಲ ಮಾರ್ದನಿಸುವಂತೆ ಅವನು ಕೂಗಿದ. "ತುಂಬಾ ನೋವಾಯ್ತು! ಆ ಸಂಬಂಧ ಬೇಡ ಅನ್ನಬೇಕಿತ್ತು ನಾನು! ನೀವು ನನಗೆ ಬೇಕು!"

ಗೋಡೆ ಜೋಡಿಸುತ್ತಿದ್ದವರು ತಿರುಗಿ ನೋಡಿದರು. ಗೋಡೆಯ ಆಚೆಯಿಂದ ಮಾಸ್ಟರ್ ಗದರಿದರು:

"ಯಾರೋ ಅದು? ಬೀಳಪ್ಪನಾ? ನಿನಗೆ ಡೈಲಾಗೇ ಇಲ್ವಲ್ಲೋ ಈ ಸಿನಿಮಾದಲ್ಲಿ!"

ಎಲ್ಲರೂ ನಕ್ಕರು. ಅವಳು ನಗುತ್ತಾ ಅತ್ತಳು, ಅಳುತ್ತಾ ನಕ್ಕಳು. ಹಿಡಿದ ಕೈಯನ್ನು ಬಿಡಲಿಲ್ಲ. ಅವಳ ಅಂಗೈಗೂ ಕೆಂಪು ಬಣ್ಣ ಮೆತ್ತಿತು.

"ಕ್ಷಮಿಸ್ರೀ," ಎಂದಳು ಮೆಲ್ಲಗೆ.

"ನೀವೂ ಕ್ಷಮಿಸಿ. ನನಗೆ ಬೇರೆ ಥರ ಗೊತ್ತಿರಲಿಲ್ಲ."

"ಮೊದಲು ಪಕ್ಕೆ ತೋರಿಸೋಕೆ ಡಾಕ್ಟರ ಹತ್ರ ಹೋಗೋಣ. ನಡೀರಿ."

"ಇನ್ನೊಂದೇ ಶಾಟ್ ಇದೆ."

"ನಾಳೆ ಸಾಯಿರಿ! ಏನೀಗ ಅವಸರ?" ಅವಳು ಅವನ ಬಿಚ್ಚಿದ್ದ ತೋಳಿನ ಗುಂಡಿಯನ್ನು ತಾನೇ ಹಾಕಿದಳು. "ದೊಡ್ಡಮ್ಮ ಕೇಳ್ತಿದ್ಲು, ಈ ಸಿನಿಮಾದಲ್ಲಾದ್ರೂ ಬದುಕ್ತಾನಾ ಅಂತ."

"ಇಲ್ಲ. ಇದರಲ್ಲೂ ಇಂಟರ್‌ವಲ್‌ಗೆ ಮುಂಚೇನೇ."

"ಆಮೇಲೆ?"

ಅವನು ಅವಳ ಭುಜದ ಮೇಲೆ ಭಾರ ಬಿಟ್ಟು ನಿಂತ. ಮೊದಲ ಸಲ, ಎಲ್ಲರ ಎದುರಿಗೆ, ನೋವಿಗೆ ಸಣ್ಣಗೆ "ಅಮ್ಮಾ" ಎಂದ. ಆಮೇಲೆ ನಕ್ಕ.

"ಆಮೇಲೆ... ಮನೆಗೆ ಬರ್ತೀನಿ ಕಣ್ರೀ."